ಮೇಷ್ಟ್ರ ಸ್ಟೂಲಿನ ಎತ್ತರ

ಮಾರ್ಚ್ ೧೧, ಮಂಗಳವಾರ

ಬಲಗೈ ಹೆಬ್ಬೆರಳು ಇವತ್ತೂ ಜೋಮು ಹಿಡಿಯಿತು. ಶುಕ್ರವಾರವೇ ನನ್ನ ಪಿಯಾನೊ ಕಾರ್ಯಕ್ರಮ. ಪೆನ್ನು ಹಿಡಿದರೂ ಮಣಿಕಟ್ಟು ಚುಳ್ಳೆನ್ನುತ್ತಿದೆ.

ನಾನು ಪಿಯಾನೊ ನುಡಿಸುವ ಫೋಟೊ ನೋಡಿ ಡಾಕ್ಟರು ಸಿಡುಕಿದರು. "ಏನ್ರೀ ಇದು, ಭುಜ ಕಿವಿಗೆ ಅಂಟ್ಕೊಂಡಿದೆ! ಮೊಣಕೈ ಕೀಗಳಿಗಿಂತ ಕೆಳಗಿದ್ರೆ ಮಣಿಕಟ್ಟು ಉಳಿಯುತ್ತಾ? ಸ್ಟೂಲು ಎತ್ತರ ಮಾಡ್ಕೊಳ್ಳಿ."

ಹೇಳುವುದು ಸುಲಭ. ಅದು ನನಗೆ ಪಿಯಾನೊ ಕಲಿಸಿದ ಮೇಷ್ಟ್ರ ಸ್ಟೂಲು. ತಾವು ನುಡಿಸುವುದನ್ನು ನಿಲ್ಲಿಸಿದ ಮೇಲೆ ಅವರೇ ನನಗೆ ಕೊಟ್ಟದ್ದು. ಅವರು ಕೂತ ಎತ್ತರವನ್ನು ಬದಲಿಸಲು ಇಷ್ಟು ವರ್ಷವೂ ಮನಸ್ಸು ಬಂದಿಲ್ಲ. ಒರೆಸುವಾಗ ಅದರ ಎತ್ತರ ಬದಲಿಸುವ ತಿರುಪು ಮುಟ್ಟಿದರೆಂದು ಅತ್ತೆಯ ಮೇಲೂ ಒಮ್ಮೆ ಹರಿಹಾಯ್ದಿದ್ದೆ.

ಸಂಜೆ ಅಪ್ಪಣೆ ಕೇಳಲು ಮೇಷ್ಟ್ರ ಮನೆಗೆ ಹೋದೆ.  ಡಾಕ್ಟರು ಅಂದದ್ದನ್ನು ಹೇಳಿಯೇಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಕಾಫಿ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದಿದ್ದರು. ಅವರ ಬೆರಳುಗಳು ಈಗ ಮಡಚುವುದಿಲ್ಲ.

"ಅದು ನನ್ನ ಎತ್ತರ ಅಂತ ನಿಂಗೆ ಯಾರಮ್ಮ ಹೇಳಿದ್ದು?" ಅಂದರು. "ನಮ್ಮ ಗುರುಗಳದ್ದು. ಅವರು ಆರಡಿ ಆಳು, ಸ್ಟೂಲು ತಗ್ಗಿಸಿ ಕೂರ್ತಿದ್ರು. ನಾನೋ ನಿನ್ನಷ್ಟೇ ಕುಳ್ಳ. ತಿರುಗಿಸಿದ್ರೆ ಅವರಿಗೆ ಅವಮಾನ ಅಂತ ಹಾಗೇ ಕೂತೆ."

ಲೋಟ ಕೆಳಗಿಟ್ಟು ಸೆಟೆದ ಬೆರಳುಗಳನ್ನು ನನ್ನ ಮುಂದೆ ಚಾಚಿದರು. "ವಯಸ್ಸಾಯ್ತು, ಅದಕ್ಕೇ ನುಡಿಸಲ್ಲ ಅಂತ ಎಲ್ಲರಿಗೂ ಹೇಳ್ಕೊಂಡು ಬಂದೆ."

ಮನೆಗೆ ಬಂದವಳೇ ತಿರುಪು ಹಿಡಿದೆ. ಎರಡು ತಲೆಮಾರಿನ ತುಕ್ಕು, ಜಪ್ಪಯ್ಯ ಅಂದರೂ ಅಲ್ಲಾಡುತ್ತಿಲ್ಲ. ಎಣ್ಣೆ ಬಿಟ್ಟು ಕೂತಿದ್ದೇನೆ. ಇನ್ನಷ್ಟು ಬಲ ಹಾಕೋಣವೆಂದರೆ ಈ ಬಲಗೈಯೇ ಮತ್ತೆ ಜೋಮು ಹಿಡಿದು, ಪೆನ್ನೂ…