ಬಿದ್ದವಳಿಗೂ ಬೆನ್ನೇಟು ಉಂಟೇ?

...ಬಿದ್ದವರನ್ನು ಎಳೆದುಕೊಂಡು ಹೋಗುವುದನ್ನು ಓಡಿಹೋಗುವುದು ಅಂತ ಹೇಗೆ ಕರೆಯೋದು ಎಂದೋ, ಅದಕ್ಕೆ ಸಮೀಪದ ಇನ್ನೇನೋ ಮಾತನ್ನೋ ತಾವು ಹೇಳಿದ್ದಿರಿ, ಮಾನ್ಯ ನಿಯಮ ವಿಭಾಗದ ಮುಖ್ಯಸ್ಥರೇ. ಆಟಗಾರರ ಸಮ್ಮೇಳನದ ದಿನ, ಊಟದ ಬಿಡುವಿನಲ್ಲಿ, ಕೈ ತೊಳೆಯುವ ಜಾಗದಲ್ಲಿ ನಿಂತು ಪಕ್ಕದವರಿಗೆ ಹೇಳಿದ್ದು. ನಾನು ತಮ್ಮ ಹಿಂದೆ ನಿಂತಿದ್ದೆ. ಆ ಮಾತಿನ ಕೊನೆಗೆ ತಾವು ನಕ್ಕಿರೆಂಬುದು ಖಚಿತವಾಗಿ ನೆನಪಿದೆ, ಮಾತು ಮಾತ್ರ ಅಷ್ಟು ಖಚಿತವಾಗಿಲ್ಲ. ಇಂದು ನನಗೆ ಆ ಮಾತು ಬೇಕಾಗಿದೆ, ತಮ್ಮ ಸಹಿಯೊಂದಿಗೆ, ಬರುವ ಶನಿವಾರ ಸಂಜೆಯ ಒಳಗೆ.

ನನ್ನ ದೂರು ಚಿಕ್ಕದು. ತಮ್ಮ ಸಂಸ್ಥೆ ಹೊರತಂದಿರುವ, ಮೇಜಿನ ಮೇಲೆ ಗೊಂಬೆಗಳನ್ನಿಟ್ಟು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಸಾಹಸದಾಟದ ನಿಯಮಪುಸ್ತಕದಲ್ಲಿ, ಕಾಳಗದ ಅಧ್ಯಾಯದಲ್ಲಿ, ಎರಡು ನಿಯಮಗಳು ಒಂದರ ಮುಖ ಒಂದು ನೋಡದೆ ಕೂತಿವೆ. ಶತ್ರುವಿನ ಕೈಯಳತೆಯಿಂದ ಆಚೆ ಹೋಗುವವರಿಗೆ ಶತ್ರು ಹಿಂದಿನಿಂದ ಒಂದು ಏಟು ಹಾಕಬಹುದು ಎನ್ನುತ್ತದೆ ಮೊದಲನೆಯದು. ನಾವು ಆಡುವವರು ಇದಕ್ಕೆ ಬೆನ್ನೇಟು ಎನ್ನುತ್ತೇವೆ. ಪ್ರಾಣಶಕ್ತಿ ಸೊನ್ನೆಗೆ ಇಳಿದು ಬಿದ್ದವರು ಆರೈಕೆಯಾಗುವವರೆಗೆ ಏನನ್ನೂ ಮಾಡಲಾರರು, ಅವರ ಮೇಲೆ ಬೀಸಿದ ಯಾವ ಏಟೂ ತಪ್ಪುವುದಿಲ್ಲ, ಒಂದು ತಗುಲಿದರೆ ಅದೇ ಕೊನೆ ಎನ್ನುತ್ತದೆ ಎರಡನೆಯದು. ಸರಿ. ಬಿದ್ದವಳೊಬ್ಬಳನ್ನು ಅವಳ ಜೊತೆಗಾರ ತೋಳು ಹಿಡಿದು ಆಚೆಗೆ ಎಳೆದರೆ? ಅವಳು ಹೋದಳೋ, ಒಯ್ಯಲ್ಪಟ್ಟಳೋ? ಅವಳಿಗೆ ಬೆನ್ನೇಟು ಉಂಟೋ, ಇಲ್ಲವೋ? ಪುಸ್ತಕ ಮೌನವಾಗಿದೆ. ಹಾಗೆಂದು ಅದು ಮಿತಭಾಷಿಯೇನಲ್ಲ. ಕುದುರೆಯ ಲಾಳ ಎಷ್ಟು ದಿನಕ್ಕೆ ಸವೆಯುತ್ತದೆ ಎಂಬುದಕ್ಕೆ ಒಂದು ಪುಟವಿದೆ. ಒದ್ದೆ ಹಗ್ಗ ಎಷ್ಟು ಭಾರ ತಡೆದೀತು ಎಂಬುದಕ್ಕೆ ಕೋಷ್ಟಕವಿದೆ. ಡ್ರ್ಯಾಗನ್ನಿನ ಜೀರ್ಣಕ್ರಿಯೆಯ ಬಗ್ಗೆ ತಾವು ತೋರಿದ ಕಾಳಜಿಯನ್ನು ನೋಡಿದರೆ ಕಣ್ಣು ತುಂಬಿ ಬರುತ್ತದೆ. ಬಿದ್ದವರನ್ನು ಯಾರಾದರೂ ಎತ್ತಿಯಾರು ಎಂಬ ಸಾಧ್ಯತೆ ಮಾತ್ರ ತಮಗೆ ಹೊಳೆಯಲಿಲ್ಲ.

ಈ ಪತ್ರ ಆಟಗಾರರ ಅಂತರ್ಜಾಲ ಪತ್ರಿಕೆಯಲ್ಲಿ ಬಹಿರಂಗವಾಗುವುದರಿಂದ ಇತರ ಓದುಗರಿಗಾಗಿ ನಮ್ಮ ಮೇಜನ್ನು ಪರಿಚಯಿಸಬೇಕು. ನಾನು ಕಟ್ಟುಹಲ್ಲು ಮಾಡುವವನು. ದಂತವೈದ್ಯರು ಕಳಿಸಿದ ಅಚ್ಚುಗಳಿಂದ ಬಿಳಿ ಜಿಪ್ಸಮ್ಮಿನ ದವಡೆ ಎರೆದು, ಅದರ ಮೇಲೆ ಹಲ್ಲು ಕೂರಿಸುವುದು ನನ್ನ ಕೆಲಸ. ಕಾರ್ಯಾಗಾರದ ಗೋಡೆಯ ಕಪಾಟಿನಲ್ಲಿ ಊರಿನ ಅರ್ಧ ಜನರ ದವಡೆಗಳು ಬಾಯಿ ತೆರೆದುಕೊಂಡು ಕೂತಿವೆ. ಶನಿವಾರ ಸಂಜೆ ಅರ, ಮೇಣ, ದೀಪಗಳನ್ನು ಬದಿಗೆ ಸರಿಸಿ ಅದೇ ಮೇಜಿನ ಮೇಲೆ ಚೌಕುಳಿ ಹಾಸು ಹಾಸುತ್ತೇವೆ. ಆಟ ನಡೆಸುವವನು ನಾನು, ಎಂದರೆ ಕಾಡು, ಕೋಟೆ, ಕಳ್ಳರು, ದೈತ್ಯರು ಎಲ್ಲ ನಾನೇ. ಆಡುವವರು ಅಕ್ಕ, ಭಾವ ಮತ್ತು ನನಗೆ ಸೊಸೆಯಾಗುವ ಅವರ ಮಗಳು. ಅಕ್ಕ ಲಿಫ್ಟುಗಳ ಪರೀಕ್ಷಕಿ. ಅವಳ ಮುದ್ರೆ ಬೀಳದೆ ಈ ಊರಿನ ಯಾವ ಲಿಫ್ಟೂ ಮೇಲೇಳುವುದಿಲ್ಲ. ಭಾವ ಬಸ್ಸು ಓಡಿಸಿ ನಿವೃತ್ತರಾದವರು, ಯಾರ ಮೇಲೂ ದನಿ ಎತ್ತದವರು. ಸೊಸೆ ಹೊಸದಾಗಿ ವಕೀಲಿ ಶುರುಮಾಡಿದವಳು, ಕಾಫಿಗೆ ಸಕ್ಕರೆ ಎಷ್ಟು ಎಂದರೂ ವಾದ ಮಂಡಿಸುವವಳು.

ಆಟದಲ್ಲಿ ಅಕ್ಕ ಗುರಾಣಿಗಾತಿ. ಅವಳ ಗೊಂಬೆಯನ್ನು ಕಟ್ಟುಹಲ್ಲಿನ ಒಸಡಿಗೆ ಬಳಸುವ ಗುಲಾಬಿ ಬಣ್ಣದ ಪದಾರ್ಥದಲ್ಲಿ ನಾನೇ ಮಾಡಿದ್ದು. "ಜಗತ್ತಿನಲ್ಲಿ ಒಸಡು ಬಣ್ಣದ ಯೋಧೆ ನಾನೊಬ್ಬಳೇ ಕಣೋ" ಎಂದು ಬೈದುಕೊಂಡೇ ಅವಳು ವರ್ಷಗಳಿಂದ ನಮ್ಮೆಲ್ಲರ ಮುಂದೆ ನಿಂತಿದ್ದಾಳೆ. ಯಾವ ಬಾಗಿಲಿಗೂ ಮೊದಲು ಅವಳು, ಆಮೇಲೆ ಉಳಿದವರು.

ನಮ್ಮ ಮೇಜಿನಲ್ಲಿ ಒಂದು ಪದ್ಧತಿಯಿದೆ. ಪುಸ್ತಕ ಬಾಯಿ ಬಿಡದ ಕಡೆ ನಾವೇ ವಾದ ಮಾಡಿ ಒಂದು ಅರ್ಥಕ್ಕೆ ಬಂದರೆ ಎಲ್ಲರೂ ಮೇಜಿನ ಮೇಲೆ ಅಂಗೈ ಊರುತ್ತೇವೆ. ಅಂಗೈ ಊರಿದ ಅರ್ಥ ಮತ್ತೆ ಬದಲಾಗುವುದಿಲ್ಲ. ನಮಗೂ ಅದೇ, ನಮ್ಮ ಶತ್ರುಗಳಿಗೂ ಅದೇ. ಇದು ಅಕ್ಕ ತಂದ ಪದ್ಧತಿ. "ಲಿಫ್ಟಲ್ಲಿ ಎಂಟು ಜನ ಅಂತ ಬರೆದಿದ್ರೆ ಎಂಟೇ. ಒಂಬತ್ತನೆಯವಳು ನಿಮ್ಮಮ್ಮ ಆದ್ರೂ ಹೊರಗೇ ನಿಲ್ಲಬೇಕು" ಎನ್ನುವವಳು ಅವಳು.

ಹೋದ ವರ್ಷ ಒಬ್ಬ ದರೋಡೆಕೋರರ ನಾಯಕ ಅಕ್ಕನ ಕತ್ತಿಗೆ ಸಿಕ್ಕಿ ಬಿದ್ದ. ಅವನ ಬಂಟರು ಅವನನ್ನು ಕಾಲು ಹಿಡಿದು ಎಳೆದೊಯ್ಯತೊಡಗಿದರು. ಸೊಸೆ ಕುರ್ಚಿಯಿಂದ ಎದ್ದು ನಿಂತಳು. "ಮಾಮ, ಹೇಗೇ ಹೋಗಲಿ, ಹೋದದ್ದು ಹೋದದ್ದೇ. ಕೈಯಳತೆಯಲ್ಲಿ ಇದ್ದ, ಈಗ ಇಲ್ಲ. ನಡೆದು ಹೋದನಾ, ಎಳೆಸಿಕೊಂಡು ಹೋದನಾ ಅಂತ ನಿಯಮ ಎಲ್ಲಿ ಕೇಳುತ್ತೆ?" ಸೊಗಸಾದ ವಾದ. ತಾವು ಕೈ ತೊಳೆಯುತ್ತ ಹೇಳಿದ್ದರ ನೆನಪು ನನಗೆ ಅಂದೂ ಬಂದಿತ್ತು. ಆದರೆ ನಲ್ಲಿಯ ಪಕ್ಕ ಕೇಳಿಸಿಕೊಂಡ ಮಾತನ್ನು ಸಾಕ್ಷಿಯೆಂದು ಹೇಗೆ ಮಂಡಿಸಲಿ? ನಾಲ್ವರೂ ಅಂಗೈ ಊರಿದೆವು. ಬೆನ್ನೇಟು ಬಿತ್ತು, ನಾಯಕ ಸತ್ತ, ಭಾವ ಎಲ್ಲರಿಗೂ ಬಿಸ್ಕತ್ತು ಹಂಚಿದರು.

ಹೋದ ಶನಿವಾರ ಸೇತುವೆಯ ಮೇಲೆ ಕಲ್ಲುದೈತ್ಯನ ಎದುರು ಅಕ್ಕನ ಗುರಾಣಿಗಾತಿ ಬಿದ್ದಳು. ಭಾವನ ಪಾತ್ರ ಗಿಡಮೂಲಿಕೆಯ ವೈದ್ಯ, ಮೂಲಿಕೆ ಮುಗಿದುಹೋಗಿತ್ತು. ಅವಳು ಅಲ್ಲೇ ಬಿದ್ದಿದ್ದರೆ ಮುಂದಿನ ಸರದಿಯಲ್ಲಿ ದೈತ್ಯ ತುಳಿಯುತ್ತಾನೆ. ಎಳೆದುಕೊಂಡು ಬರುವುದೊಂದೇ ದಾರಿ.

"ನನ್ನ ಸರದಿ ತಾನೇ? ಎಳ್ಕೊಂಡು ಈಚೆ ಬರ್ತೀನಿ" ಎಂದು ಭಾವ ಗೊಂಬೆಗೆ ಕೈ ಹಾಕಿದರು.

"ತಡೀರಿ. ಬೆನ್ನೇಟಿದೆ" ಅಂದಳು ಅಕ್ಕ.

"ಬೀಳಲಿ ಬಿಡೆ. ತಡ್ಕೋತೀನಿ."

"ನಿಮ್ಮದು ನೀವು ತಡ್ಕೋತೀರಿ. ನನಗೂ ಒಂದಿದೆಯಲ್ಲ, ಅದನ್ನ ಯಾರು ತಡ್ಕೋತಾರೆ? ಆ ದರೋಡೆ ನಾಯಕನಿಗೆ ಮಾಡಿದ್ದು ಮರೆತುಹೋಯ್ತಾ?"

ಸೊಸೆಯ ಮುಖ ಗೋಡೆಯ ಮೇಲಿನ ದವಡೆಗಳಷ್ಟೇ ಬಿಳುಚಿಕೊಂಡಿತು. "ಅಮ್ಮ, ಅದು ಬೇರೆ."

"ಏನೇ ಬೇರೆ?"

"ಅವನು... ಅವನು ಕೆಟ್ಟವನು."

ಅಕ್ಕ ಜೋರಾಗಿ ನಕ್ಕಳು. "ಕೋರ್ಟಲ್ಲೂ ಹೀಗೇ ವಾದ ಮಾಡ್ತೀಯೇನೇ? ಪಾಪ, ನಿನ್ನ ಕಕ್ಷಿದಾರರು!"

ಬೇರೆ ಯಾರೂ ನಗಲಿಲ್ಲ. ಕಾರಣ ಹೇಳುತ್ತೇನೆ, ಮಾನ್ಯರೇ. ಬರುವ ಶನಿವಾರದ ಆಟ ಕಳೆದ ಮೇಲೆ, ಸೋಮವಾರ ಬೆಳಿಗ್ಗೆ, ಅಕ್ಕನ ತಲೆಗೆ ಶಸ್ತ್ರಚಿಕಿತ್ಸೆ. ಅಲ್ಲೊಂದು ಗಂಟು ಬೆಳೆದಿದೆ. ಶಸ್ತ್ರವೈದ್ಯರು ನಮ್ಮ ನಾಲ್ವರನ್ನೂ ಎದುರಿಗೆ ಕೂರಿಸಿಕೊಂಡು ವಿವರಿಸಿದರು. ಹೆಚ್ಚಿನ ಪ್ರಶ್ನೆಗಳನ್ನು ಕೇಳಿದವಳು ಅಕ್ಕನೇ, ಯಂತ್ರದ ಕೋಣೆಯಲ್ಲಿ ತಂತಿಹಗ್ಗದ ಎಳೆ ಎಳೆ ನೋಡುವವಳಂತೆ. ಎಲ್ಲಿ ಕೈಕೊಡಬಹುದು? ಕೈಕೊಟ್ಟರೆ ಏನಾಗುತ್ತೆ? ಮಾತು ನಿಲ್ಲಬಹುದಾ? ಎಚ್ಚರವೇ ಆಗದೆ ಇರಬಹುದಾ? ಇರಬಹುದು ಎಂದರು ವೈದ್ಯರು. ಅವಳು ತಲೆಯಾಡಿಸಿದಳು. ಭಾವ ಕಿಟಕಿಯ ಆಚೆ ನಿಂತಿದ್ದ ಬಸ್ಸನ್ನು ನೋಡುತ್ತಿದ್ದರು. ನಾನು ವೈದ್ಯರ ಹಲ್ಲುಗಳನ್ನು ನೋಡುತ್ತಿದ್ದೆ. ಬೇರೆಲ್ಲಿ ನೋಡಬೇಕೋ ತಿಳಿಯಲಿಲ್ಲ.

ಆದ್ದರಿಂದ ಸೇತುವೆಯ ಮೇಲೆ ಅಕ್ಕನ ಗೊಂಬೆ ಅಡ್ಡಡ್ಡ ಬಿದ್ದಿದ್ದಾಗ ನನಗೆ ತೋಚಿದ್ದು ಒಂದೇ. "ಇವತ್ತಿಗೆ ಸಾಕು. ಮುಂದಿನ ವಾರ ತೀರ್ಪು ಹೇಳ್ತೀನಿ" ಅಂದೆ. ಅವಳು ನನ್ನನ್ನೇ ನೋಡಿದಳು. ಹೊರಡುವಾಗ ಭಾವನನ್ನೂ ಮಗಳನ್ನೂ ಮುಂದೆ ಕಳಿಸಿ, ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಅಂದಳು:

"ಲೋ, ನನಗೋಸ್ಕರ ಅಂತ ನಿಯಮ ಬಗ್ಗಿಸಬೇಡ."

"ನಾನೆಲ್ಲಿ ಬಗ್ಗಿಸ್ತೀನಿ ಅಂದೆ?"

"ನಿನ್ನ ಮುಖ ನನಗೆ ಗೊತ್ತಿಲ್ವಾ? ಅಂಗೈ ಊರಿದ್ದನ್ನ ನೀನು ನನಗೆ ಅಂತ ಮುರಿದರೆ, ಡಾಕ್ಟರು ನನಗೆ ಹೇಳದೆ ಇರೋದೇನನ್ನೋ ನಿನಗೆ ಹೇಳಿದಾರೆ ಅಂತಲೇ ನಾನು ತಿಳ್ಕೋತೀನಿ. ಅದನ್ನ ತಲೇಲಿ ಇಟ್ಕೊಂಡು ಆ ಮಂಚದ ಮೇಲೆ ಮಲಗಬೇಕಾಗುತ್ತೆ. ಗಂಟೊಂದು ಸಾಕು ಕಣೋ, ಜೊತೆಗೆ ಇದೊಂದು ಬೇಡ."

"ನನಗೆ ಯಾರೂ ಏನೂ ಹೇಳಿಲ್ಲ ಅಕ್ಕ."

"ಹಾಗಾದ್ರೆ ಬಗ್ಗಿಸಬೇಡ."

ವೈದ್ಯರು ನನಗೆ ನಿಜಕ್ಕೂ ಏನೂ ಹೇಳಿಲ್ಲ, ಮಾನ್ಯರೇ. ಇದನ್ನು ಆಣೆ ಮಾಡಿ ಹೇಳಬಲ್ಲೆ. ನನಗೆ ಗೊತ್ತಿರುವುದೆಲ್ಲ ಅಕ್ಕನಿಗೂ ಗೊತ್ತು. ಅವಳಿಗಿಂತ ಹೆಚ್ಚಾಗಿ ನನ್ನಲ್ಲಿರುವುದು ಹೆದರಿಕೆಯೊಂದೇ. ಆದರೆ ಹೆದರಿಕೆಗೂ ಗುಟ್ಟಿಗೂ ಮುಖ ಒಂದೇ. ನಾನು ಅವಳ ಗೊಂಬೆಯನ್ನು ಉಳಿಸಿದರೆ, ಇಲ್ಲದ ಒಂದು ಕೆಟ್ಟ ಸುದ್ದಿಯನ್ನು ಅವಳಿಗೆ ತಲುಪಿಸಿದ ಹಾಗಾಗುತ್ತದೆ. ಉಳಿಸದಿದ್ದರೆ? ಸೋಮವಾರ ಅಕ್ಕನನ್ನು ಒಳಗೆ ಕರೆದುಕೊಂಡು ಹೋಗಲಿದ್ದಾರೆ, ಶನಿವಾರ ನಾನು ದೈತ್ಯನ ಗದೆ ಹಿಡಿದು ಅವಳನ್ನು ಹೊಡೆಯಬೇಕು. ತನ್ನದೇ ವಾದದಿಂದ ಅಮ್ಮ ಸತ್ತದ್ದನ್ನು ಸೊಸೆ ನೋಡುತ್ತ ಕೂರಬೇಕು. ಅದು ಬರೀ ಗೊಂಬೆ ಎನ್ನಬಹುದು ತಾವು. ಹಗಲು ಹೊತ್ತಿನಲ್ಲಿ, ಕೈಯಲ್ಲಿ ಕೆಲಸವಿರುವಾಗ, ನಾನೂ ಹಾಗೇ ಅಂದುಕೊಳ್ಳುತ್ತೇನೆ. ಶಕುನಗಳಲ್ಲಿ ನನಗೆ ನಂಬಿಕೆಯಿಲ್ಲ. ನಂಬಿಕೆಯಿಲ್ಲದವನಿಗೆ ಇಷ್ಟೊಂದು ಹೆದರಿಕೆ ಎಲ್ಲಿಂದ ಬರುತ್ತದೆ ಎಂಬುದು ಮಾತ್ರ ಅರ್ಥವಾಗಿಲ್ಲ.

ಈ ವಾರ ತಮ್ಮ ಕಚೇರಿಗೆ ನಾನು ಇಮೇಲ್ ಬರೆಯಲಿಲ್ಲವೆಂದಲ್ಲ. ಮೊದಲ ಉತ್ತರದಲ್ಲಿ, ಆಟವನ್ನು ಇಷ್ಟು ಆಳವಾಗಿ ಆಡುತ್ತಿರುವುದಕ್ಕೆ ನನ್ನನ್ನು ಅಭಿನಂದಿಸಲಾಗಿತ್ತು. ಕೃತಜ್ಞತೆಗಳು. ಎರಡನೆಯದು ಇನ್ನೂ ಚಿಕ್ಕದು: ಸಂದಿಗ್ಧ ಬಂದಾಗ ಆಟ ನಡೆಸುವವರ ವಿವೇಚನೆಯೇ ಅಂತಿಮ, ಮೋಜು ಮುಖ್ಯ. ವಿವೇಚನೆ ಎಂಬುದು ಎಷ್ಟು ಉದಾರವಾದ ಪದ! ನಿಯಮ ಮಾಡುವ ಸಂಬಳ ತಮಗೆ, ಅದು ಕೈಕೊಟ್ಟಾಗ ಹೊಣೆ ನನಗೆ. ಅಕ್ಕ ಯಾವುದಾದರೂ ಲಿಫ್ಟಿನ ಗೋಡೆಗೆ 'ಎಷ್ಟು ಜನ ಹತ್ತಬಹುದೆಂಬುದು ಹತ್ತುವವರ ವಿವೇಚನೆಗೆ ಬಿಟ್ಟದ್ದು, ಮೋಜು ಮುಖ್ಯ' ಎಂದು ಫಲಕ ಹಾಕಿದ್ದರೆ ಅವಳ ಕೆಲಸ ಉಳಿಯುತ್ತಿತ್ತೇ? ಶಸ್ತ್ರವೈದ್ಯರೂ ಅಂದು ಎಲ್ಲ ಹೇಳಿ ಮುಗಿಸಿ ಕೈಚೆಲ್ಲಿ, ತೀರ್ಮಾನ ನಿಮ್ಮದೇ ಅಂದರು. ಬಲ್ಲವರೆಲ್ಲ ಯಾಕೆ ಹೀಗೆ, ಸರಿಯಾಗಿ ಬೇಕಾದ ಹೊತ್ತಿಗೆ, ಅಷ್ಟು ವಿನಯವಂತರಾಗಿಬಿಡುತ್ತಾರೆ?

ನನಗೆ ತಾವು ಯಾಕೆ ಬೇಕೆಂದು ಈಗ ತಿಳಿದಿರಬೇಕು. ನಮ್ಮ ಅಂಗೈಗಳಿಗಿಂತ ಮೇಲಿನ ಕೈ ಒಂದಿದ್ದರೆ ಅದು ತಮ್ಮದು. ತಾವು ಹೇಳಿದರೆ ಅಕ್ಕ ಒಪ್ಪುತ್ತಾಳೆ. ನಿಯಮ ಮಾಡಿದವರೇ ಅರ್ಥ ಹೇಳಿದ ಮೇಲೆ ಅದರಲ್ಲಿ ತಮ್ಮನ ಮುಖ ಕಾಣುವುದಿಲ್ಲ. ಕರುಣೆಯಿಂದ ಹೇಳಿ ಎಂದು ನಾನು ಬೇಡುತ್ತಿಲ್ಲ. ಕರುಣೆಯ ವಾಸನೆ ಬಂದರೂ ಅವಳು ಹಿಡಿದುಬಿಡುತ್ತಾಳೆ. ಈ ಪತ್ರಿಕೆಯನ್ನು ಅವಳು ಓದುವುದಿಲ್ಲ, ಆಡುವುದು ಬಿಟ್ಟು ಆಟದ ಬಗ್ಗೆ ಓದುವವರನ್ನು ಕಂಡರೆ ಅವಳಿಗೆ ಆಗದು. ಆ ಧೈರ್ಯದಿಂದ ಇಷ್ಟೆಲ್ಲ ಬರೆದಿದ್ದೇನೆ.

ಸೇತುವೆ ಹೋದ ಶನಿವಾರ ಇದ್ದಂತೆಯೇ ಇದೆ. ಅದರ ಮೇಲೊಂದು ಗಾಜಿನ ಬೋಗುಣಿ ಕವಿಚಿಟ್ಟು, ನಾನು ಕೆಲಸವನ್ನು ಕಿಟಕಿಯ ಕಟ್ಟೆಗೆ ವರ್ಗಾಯಿಸಿದ್ದೇನೆ. ಈ ವಾರ ಕೂರಿಸಿದ ಹಲ್ಲೆಲ್ಲ ಸೊಟ್ಟ. ದಂತವೈದ್ಯರೊಬ್ಬರು ಫೋನು ಮಾಡಿ, "ಏನ್ರೀ, ಈ ಅಜ್ಜಿ ನಗೋ ಹಾಗಿಲ್ವಾ?" ಎಂದು ಕೇಳಿದರು. ನಿನ್ನೆ ಮಧ್ಯಾಹ್ನ ಯಾರೂ ಇಲ್ಲದಾಗ ಬೋಗುಣಿ ತೆಗೆದು ಅಕ್ಕನ ಗೊಂಬೆಯನ್ನು ಒಂದು ಬೆರಳಿನಿಂದ ಮೆಲ್ಲಗೆ ಎಳೆದೆ. ಒಂದು ಚೌಕ, ಇನ್ನೊಂದು, ದೈತ್ಯನ ಕೈಯಳತೆಯ ಆಚೆಗೆ. ಸುಮ್ಮನೆ ಕಾದೆ. ದೈತ್ಯ ನಾನೇ ಎರೆದ ಜಿಪ್ಸಮ್ಮಿನ ಮುದ್ದೆ, ಗದೆ ಎತ್ತಿಕೊಂಡು ಹಾಗೇ ನಿಂತಿದ್ದ. ಯಾರೂ ಹೊಡೆಯಲಿಲ್ಲ. ಎಷ್ಟು ಸುಲಭವಾಗಿತ್ತು! ಆಮೇಲೆ ಅವಳನ್ನು ಮತ್ತೆ ಅದೇ ಚೌಕಕ್ಕೆ ತಂದು, ಮೊದಲಿದ್ದ ಹಾಗೆ ಅಡ್ಡ ಮಲಗಿಸಿದೆ. ಬೋಗುಣಿಯನ್ನು ಮತ್ತೆ ಕವಿಚಿಟ್ಟೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಬಿದ್ದವರನ್ನು ಬೇರೆಯವರು ಎಳೆದೊಯ್ದಾಗ ಬಿದ್ದವರಿಗೆ ಬೆನ್ನೇಟು ಉಂಟೇ, ಇಲ್ಲವೇ? ಒಂದೇ ಪದದಲ್ಲಿ ಹೇಳಿ. ಕೆಳಗೆ ಸಹಿ ಹಾಕಿ. ಶನಿವಾರ ದೀಪ ಹಚ್ಚುವ ಹೊತ್ತಿಗೆ ಅದು ನನ್ನ ಕೈಯಲ್ಲಿರಲಿ. ಉಂಟು ಎಂದರೆ ಹೊಡೆಯುತ್ತೇನೆ. ಹೇಗೆ ಎಂದು ಮಾತ್ರ ಕೇಳಬೇಡಿ. ವಿವೇಚನೆ ಎಂಬ ಪದವನ್ನು ಇನ್ನೊಮ್ಮೆ ಕಳಿಸಬೇಡಿ, ನನ್ನಲ್ಲಿ ಆಗಲೇ ಬೇಕಾದಷ್ಟಿದೆ, ಒಂದಿಷ್ಟೂ ಕೆಲಸಕ್ಕೆ ಬರುತ್ತಿಲ್ಲ.

ಇಂತಿ,
ಎಲ್ಲ ದೈತ್ಯರೂ ತಾನೇ ಆಗಿದ್ದು, ಎಲ್ಲರಿಗಿಂತ ಹೆಚ್ಚು ಹೆದರಿರುವ,
ಆಟ ನಡೆಸುವವನು

ಇನ್ನೊಂದು ಮಾತು, ಇದು ತಮಗಲ್ಲ, ಇದನ್ನು ಓದದವಳಿಗೆ. ಅಕ್ಕಾ, ಸೋಮವಾರ ನಿನ್ನನ್ನು ಒಂದು ಮಂಚದಿಂದ ಇನ್ನೊಂದಕ್ಕೆ ಎತ್ತಿ ಸಾಗಿಸುವಾಗ ನಾವು ಮೂವರೂ ಬಾಗಿಲ ಆಚೆಯೇ ನಿಂತಿರುತ್ತೇವಲ್ಲ, ಅಲ್ಲಿ ನಿನ್ನ ಮುಂದೆ ನಿಲ್ಲುವ ಸರದಿ ಯಾರದು?