ಹೂವಿನ ಪಾತಿಗೆ ಸುಣ್ಣ

ಲೋ ಅಳತೆಪಟ್ಟಿ,

ಇದನ್ನು ನಿನಗೆ ಕಳಿಸುವುದಿಲ್ಲ. ಆದರೂ ನಿನ್ನನ್ನು ಬೈಯದೆ ಇವತ್ತು ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ.

ಬೆಳಿಗ್ಗೆ ನಮ್ಮ ಕಟ್ಟಡದ ಉದ್ಘಾಟನೆ ಆಯಿತು. ನಮ್ಮದು ಎಂದು ಬಾಯಿತಪ್ಪಿ ಬಂತು. ನಮ್ಮಿಬ್ಬರ ವಾಸ್ತುಶಿಲ್ಪ ಕಚೇರಿ ಬಿಟ್ಟು ನೀನು ಕಟ್ಟಡದ ಮಾಲೀಕರ ಕಡೆ ಸೇರಿದ ಮೇಲೆ ಅದು ನಿನ್ನದೇ.

ಅಲ್ಲಿ ಬರೀ ಖಾಲಿ ಜಾಗ ಇದ್ದಾಗ ನಾವಿಬ್ಬರೂ ಸುಣ್ಣದ ಪುಡಿ ಎರಚಿ, ಸಂಜೆ ಹೆಜ್ಜೆಗುರುತು ನೋಡಿದ್ದೆವಲ್ಲ? ಬಸ್ ನಿಲ್ದಾಣದಿಂದ ಆಸ್ಪತ್ರೆಗೆ ಹೋಗುವವರೆಲ್ಲ ಓರೆಯಾಗಿ ದಾಟಿದ್ದರು. "ಈ ದಾರಿ ಮುಟ್ಟೋದು ಬೇಡ, ಕಟ್ಟಡಾನೇ ಪಕ್ಕಕ್ಕೆ ಸರೀಲಿ" ಎಂದವನು ನೀನೇ. ಅದಕ್ಕೇ ನಕ್ಷೆಯಲ್ಲಿ ಕಟ್ಟಡವನ್ನು ಎರಡಾಗಿ ಸೀಳಿ ನಡುವೆ ಓಣಿ ಬಿಟ್ಟೆವು.

ಅದೇ ಓಣಿಗೆ ಗಾಜಿನ ಬಾಗಿಲು ಜಡಿಸಿ ಬೀಗ ಹಾಕಿಸಿದ್ದೀಯಲ್ಲ, ಮುಖಕ್ಕೆ ನಾಚಿಕೆ ಬೇಡವೇ? ಊಟದ ಡಬ್ಬಿ ಹಿಡಿದು ಆಸ್ಪತ್ರೆಗೆ ಹೊರಟ ಅಜ್ಜಿಯನ್ನು ಕಾವಲುಗಾರ ತಡೆದ.

"ಸುತ್ತು ಹಾಕ್ಕೊಂಡು ಹೋಗಿ ಅಜ್ಜಿ."

"ಸುತ್ತೋಕೆ ಕಾಲು ನೀನು ಕೊಡ್ತೀಯೇನಪ್ಪಾ?"

ಅವನು ತಲೆ ತಗ್ಗಿಸಿದ. ತಗ್ಗಬೇಕಾದ ತಲೆ ವೇದಿಕೆಯ ಮೇಲೆ ಪೇಟ ಸುತ್ತಿಸಿಕೊಳ್ಳುತ್ತಿತ್ತು.

ಅಜ್ಜಿ ಗೊಣಗುತ್ತ ಹೋಗಿ, ಮೂಲೆಯಲ್ಲಿ ನೀನು ಮಾಡಿಸಿದ ಹೂವಿನ ಪಾತಿಯನ್ನು ತುಳಿದು ಅಡ್ಡ ದಾಟಿದರು. ಹಿಂದೆ ಬಂದವರೂ ಹಾಗೆಯೇ ದಾಟಿದರು. ನನಗೆ ಎಷ್ಟು ಖುಷಿಯಾಯಿತು ಗೊತ್ತೇ?

ಬರುವಾಗ ಆ ಪಾತಿಗೆ ಸುಣ್ಣ ಎರಚಿ ಬಂದಿದ್ದೇನೆ. ನಾಳೆ ಹೆಜ್ಜೆಗಳು ಮೂಡಿರುತ್ತವೆ. ಅವಸರದ ಹೆಜ್ಜೆ ಯಾವುದು, ಸುಸ್ತಾದ ಹೆಜ್ಜೆ ಯಾವುದು ಎಂದು ಗುರುತು ಹಿಡಿಯುತ್ತಿದ್ದವನು ನೀನು. ನನಗೆ ಇವತ್ತಿಗೂ ಅದು ಬರುವುದಿಲ್ಲ, ಹಾಳಾದವನೇ.