ಅಬ್ರಹಾಮನ ಬೆನ್ನಿನ ಮೇಲಿದ್ದ ಭಾರ

ಲಾ ಪಾಸ್ ನಗರದ ಧರ್ಮಬೋಧೆ ಪಠ್ಯ ಪರಿಶೀಲನಾಧಿಕಾರಿಗಳಿಗೆ,

ಮಾನ್ಯರೇ, ನಮ್ಮ ಅಯ್ಮಾರಾ ಭಾಷೆಯ ಒಂದೇ ಒಂದು ಪದ ಅರ್ಥವಾಗದೆ ನೀವು ನನ್ನ ಭಾನುವಾರದ ತರಗತಿಗೆ ಬೀಗ ಹಾಕಿಸಿದ್ದೀರಿ. “ಕ್ರಿಸ್ತನಿಗಿಂತ ಮೊದಲಿನ ಭಕ್ತರು ಕ್ರಿಸ್ತನಿಗೆ ಬೆನ್ನು ತಿರುಗಿಸಿಯೂ ರಕ್ಷಣೆ ಪಡೆದರೆಂದು ಈಕೆ ಬೋಧಿಸುತ್ತಾಳೆ” ಎಂಬುದು ನಿಮ್ಮ ಆದೇಶದ ಒಕ್ಕಣೆ. ಓದಿ ನನಗೆ ಮೈಯೆಲ್ಲ ಉರಿಯಿತು.

ನಾನು ಬರೆದದ್ದು ಆ ಭಕ್ತರಿಗೆ ಕ್ರಿಸ್ತ ‘ಖಿಪಾ’ದಲ್ಲಿದ್ದ ಎಂದು. ಆ ಪದಕ್ಕೆ ಬೆನ್ನ ಹಿಂದೆ ಎಂದೂ ಅರ್ಥ, ಬರಲಿರುವ ಕಾಲ ಎಂದೂ ಅರ್ಥ. ನಮ್ಮವರಿಗೆ ಕಳೆದುಹೋದದ್ದು ಕಣ್ಣೆದುರಿಗಿರುತ್ತದೆ, ಅದನ್ನು ಕಂಡಾಗಿದೆಯಲ್ಲ. ಬರಲಿರುವುದು ಬೆನ್ನ ಹಿಂದಿರುತ್ತದೆ, ಅದನ್ನು ಯಾರೂ ಕಂಡಿಲ್ಲ. ಇಷ್ಟನ್ನು ತಿಳಿಯಲು ನಿಮ್ಮ ಕಚೇರಿಯ ಬಾಗಿಲಲ್ಲಿ ಆಲೂಗಡ್ಡೆ ಮಾರುವ ಹೆಂಗಸನ್ನು ಕೇಳಿದ್ದರೆ ಸಾಕಿತ್ತು. ಕೇಳಿದ್ದರೆ ನಿಮ್ಮ ಘನತೆಗೆ ಕುಂದು ಬರುತ್ತಿತ್ತೇ?

ಆ ಪಾಠ ಹುಟ್ಟಿದ್ದು ತರಗತಿಗೆ ಬರುತ್ತಿದ್ದ, ಎಂಬತ್ತು ದಾಟಿದ ಅಸುಂತಾ ಅಜ್ಜಿಯಿಂದ. “ಅಲ್ಲ ಮಗಾ, ಯೇಸು ಹುಟ್ಟೋಕ್ ಮುಂಚೇನೇ ಅಬ್ರಹಾಮ ಸತ್ತೋದ. ಪಾಪ, ಅವನು ಯಾರನ್ನ ನಂಬ್ಕೊಂಡು ಪಾರಾದ?” ಎಂದು ಕೇಳಿದರು. ದೇವರು ಕೊಟ್ಟ ಮಾತನ್ನು ನಂಬಿಕೊಂಡು, ಎಂದೆ. ಅವನು ಬರಲಿರುವವನನ್ನು ಕಾಣದೆ ನಂಬಿದ, ನಾವು ಬಂದವನನ್ನು ನಂಬಿದ್ದೇವೆ, ರಕ್ಷಕ ಮಾತ್ರ ಒಬ್ಬನೇ, ಎಂದೆ. ಅಜ್ಜಿ ನಕ್ಕುಬಿಟ್ಟರು. “ಅಷ್ಟೇನಾ? ನಾನು ಏಳು ಮಕ್ಕಳನ್ನ ಬೆನ್ನಿಗೆ ಕಟ್ಕೊಂಡು ಹೊಲ ಅಗೆದೋಳು. ಮುಖ ಕಾಣ್ತಿರ್ಲಿಲ್ಲ, ಭಾರ ಗೊತ್ತಾಗ್ತಿತ್ತು. ಅಬ್ರಹಾಮಂಗೂ ಹಂಗೇ ಇತ್ತು ಅನ್ನು!” ಆ ಮಾತನ್ನೇ ನಾನು ಪಾಠಕ್ಕೆ ಸೇರಿಸಿದೆ. ನೀವೇ ಅಚ್ಚು ಹಾಕಿಸಿದ ಧರ್ಮಬೋಧೆಯ ಪುಸ್ತಕ ಹೇಳುವುದೂ ಇದನ್ನೇ ಅಲ್ಲವೇ? ಸ್ಪ್ಯಾನಿಷ್‌ನಲ್ಲಿ ಹೇಳಿದರೆ ಸತ್ಯ, ನಮ್ಮ ಮಾತಿನಲ್ಲಿ ಹೇಳಿದರೆ ಧರ್ಮದ್ರೋಹವೇ?

ಈಗ ಅಜ್ಜಿ ಹಾಸಿಗೆ ಹಿಡಿದಿದ್ದಾರೆ. ಕಿನೋವಾ ಗಂಜಿಯನ್ನೂ ಮುಟ್ಟುತ್ತಿಲ್ಲ. ಚರ್ಚಿನ ಬಾಗಿಲಿಗೆ ಅಂಟಿಸಿದ ನಿಮ್ಮ ಆದೇಶವನ್ನು ಯಾರೋ ಪುಣ್ಯಾತ್ಮರು ಅವರಿಗೆ ಓದಿ ಹೇಳಿದ್ದಾರೆ. “ನಾನು ನಂಬಿದ್ದೇ ತಪ್ಪಂತಲ್ಲ ಮಗಾ. ಈಗ ದೇವರ ಹತ್ರ ಯಾವ ಮುಖ ಇಟ್ಕೊಂಡು ಹೋಗ್ಲಿ?” ಎನ್ನುತ್ತಾರೆ. ನಾನು ಎಷ್ಟು ಹೇಳಿದರೂ ಕೇಳುವುದಿಲ್ಲ, ಮೊಹರು ಇರುವವರೇ ಹೇಳಬೇಕಂತೆ. ಸಾಯುವ ಮುದುಕಿಗೆ ಈ ಭಯ ಹಚ್ಚಲು ನಿಮಗೆ ಅಧಿಕಾರ ಕೊಟ್ಟವರು ಯಾರು?

ತರಗತಿಯ ಬೀಗ ಆಮೇಲೆ ತೆಗೆಸಿ. ಮೊದಲು ಬಸ್ಸು ಹತ್ತಿ ಇಲ್ಲಿಗೆ ಬನ್ನಿ. ಅಜ್ಜಿಯ ಪಕ್ಕ ಕುಳಿತು, ತಪ್ಪು ನಿಮ್ಮದೆಂದು ಅಯ್ಮಾರಾದಲ್ಲೇ ಹೇಳಿ. ಆ ಭಾಷೆ ಬಾರದಿದ್ದರೆ ನಾನು ಕಲಿಸುತ್ತೇನೆ. ಆದರೆ ಬೇಗ ಬನ್ನಿ. ಕಾಯಲು ಅಬ್ರಹಾಮನಿಗೆ ಆಯುಷ್ಯವಿತ್ತು, ಅಜ್ಜಿಗಿಲ್ಲ.

ಇಂತಿ,
ನಿಮ್ಮ ಮುಖ ಕಾಣದೆಯೇ, ಬರುತ್ತೀರೆಂದು ನಂಬಿ ಕೂತಿರುವ,
ಬಾಸಿಲಿಯಾ ಕಾಲ್ಯಿಸಾಯಾ
ಬೋಧಕಿ (ನಿಮ್ಮ ಕಡತದ ಪ್ರಕಾರ, ಮಾಜಿ)